ಯುದ್ಧಕಾಲದ ನೋಟು ಕೂಡಿಸುವವರಿಗೆ: ಅಸಲಿ ಯಾವುದು, ಖೋಟಾ ಎಲ್ಲಿ ಅಡಗಿರುತ್ತದೆ

ನನ್ನ ಆಲ್ಬಮ್ಮಿನ ಕೊನೇ ಪುಟದಲ್ಲಿ ಒಂದು ರೂಪಾಯಿಯ ನೋಟೊಂದಿದೆ. 1940ರದ್ದು, ಆರನೇ ಜಾರ್ಜ್ ಕಾಲದ್ದು, ನೂರಕ್ಕೆ ನೂರು ಅಸಲಿ. ಅದರ ಮೇಲೆ ಕೆಂಪಕ್ಷರದಲ್ಲಿ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ’ ಎಂದೂ, ಅದರ ಕೆಳಗೆ ‘ಲೀಗಲ್ ಟೆಂಡರ್ ಇನ್ ಬರ್ಮಾ ಓನ್ಲಿ’ ಎಂದೂ ಅಚ್ಚಾಗಿದೆ. ಆ ಕೆಂಪಕ್ಷರ ಮಾತ್ರ ಯಾವನೋ ಪುಣ್ಯಾತ್ಮ ಈಚೆಗೆ ಕೂತು ಹಾಕಿದ್ದು. ಮಾಮೂಲಿ ನೋಟಿಗೆ ಕೊಡಬೇಕಾದ ದುಡ್ಡಿನ ಎಷ್ಟೋ ಪಟ್ಟು ಕೊಟ್ಟು ತಂದು, ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಗೊತ್ತಾಯಿತು. ಅಂಗಡಿಯಲ್ಲೇ ಹಿಡಿಯಬೇಕಿತ್ತು. ಭೂತಗನ್ನಡಿ ಜೇಬಲ್ಲೇ ಇತ್ತು, ತೆಗೆಯಲು ನಾಚಿಕೆಯಾಯಿತು.

ಆ ಒಂದು ನೋಟು ಕಲಿಸಿದ್ದರ ಸುತ್ತಲೇ ಈ ಬರಹ ಸುತ್ತುತ್ತದೆ. ಯುದ್ಧಕಾಲದ ನೋಟಿನ ವ್ಯಾಪಾರದಲ್ಲಿ ಇಡೀ ನೋಟನ್ನು ಹೊಸದಾಗಿ ಅಚ್ಚು ಹಾಕುವ ಖೋಟಾ ಇದ್ದೇ ಇದೆ. ಆದರೆ ನನ್ನ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಇನ್ನೊಂದು ಜಾತಿ. ಅಗ್ಗದ ಅಸಲಿ ನೋಟಿಗೆ ಒಂದು ಮುದ್ರೆಯನ್ನೋ, ನಂಬರನ್ನೋ, ಬರೀ ಒಂದು ಕಥೆಯನ್ನೋ ಅಂಟಿಸಿ ದುಬಾರಿ ಮಾಡುವ ಖೋಟಾ. ಆದ್ದರಿಂದ ನೋಟು ಕೈಗೆ ಬಂದ ಕೂಡಲೇ ಕೇಳಿಕೊಳ್ಳಬೇಕಾದದ್ದು ‘ಇದು ಅಸಲಿಯೋ?’ ಎಂದಲ್ಲ, ‘ಇದಕ್ಕೆ ಇಷ್ಟು ಬೆಲೆ ಬಂದಿರುವುದು ಇದರ ಯಾವ ಭಾಗದಿಂದ?’ ಎಂದು. ಉತ್ತರ ಸಿಕ್ಕಿದ ಜಾಗಕ್ಕೇ ಭೂತಗನ್ನಡಿ ಇಡಿ.

ಒಂದು: ಮೊದಲು ಒಂದು ಮೂಲೆ ಹಿಡಿಯಿರಿ

ಯುದ್ಧದ ನೋಟು ಎಂದರೆ ಸಮುದ್ರ. ಗೆದ್ದ ನಾಡಿನಲ್ಲಿ ಚಲಾಯಿಸಿದ ಆಕ್ರಮಣದ ನೋಟು, ಮಿತ್ರರಾಷ್ಟ್ರಗಳು 1943ರಲ್ಲಿ ಇಟಲಿಗೆ, 1944ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗೆ ಹಂಚಿದ ಸೇನಾ ನೋಟು, 1946ರಿಂದ 1973ರವರೆಗೆ ಅಮೆರಿಕ ತನ್ನ ಸೈನಿಕರಿಗೆ ಕೊಟ್ಟ ಮಿಲಿಟರಿ ಪೇಮೆಂಟ್ ಸರ್ಟಿಫಿಕೇಟು, ಸೆರೆಶಿಬಿರದ ಕೂಪನ್ನು, ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಊರು ತನಗಾಗಿ ಅಚ್ಚು ಹಾಕಿಕೊಂಡ ಚೀಟಿ. ಎಲ್ಲಕ್ಕೂ ಕೈ ಹಾಕಿದರೆ ಒಂದರಲ್ಲೂ ಕಣ್ಣು ಪಳಗುವುದಿಲ್ಲ.

ಕರ್ನಾಟಕದಲ್ಲಿ ಕೂತವರಿಗೆ ನಾನು ಹೇಳುವುದು ಎರಡನೇ ಮಹಾಯುದ್ಧದ ಬರ್ಮಾ, ಮಲಯಾ, ಭಾರತದ ಮೂಲೆ. ನೋಟು ಸುಲಭವಾಗಿ ಸಿಗುತ್ತದೆ, ಅಗ್ಗ, ಭಾಷೆ ಓದಲು ಬರುತ್ತದೆ. ಜೊತೆಗೆ ನಮಗೆ ನಂಟೂ ಇದೆ. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಬರ್ಮಾದಲ್ಲಿ ಕಾದಾಡಿದ ಪಡೆ. ಹಳೇ ಟ್ರಂಕು ತೆಗೆದಾಗ ತಾತನ ಪೇಬುಕ್ಕಿನ (ಸೈನಿಕನ ಸಂಬಳದ ಲೆಕ್ಕದ ಪುಸ್ತಕ) ನಡುವೆ ಜಪಾನಿ ರೂಪಾಯಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಎರಡು: ಜಪಾನಿ ನೋಟನ್ನು ಓದುವುದು ಕಲಿಯಿರಿ

1942ರಲ್ಲಿ ಜಪಾನ್ ಗೆದ್ದ ನಾಡುಗಳಲ್ಲೆಲ್ಲ ಆಯಾ ನಾಡಿನ ಲೆಕ್ಕದಲ್ಲೇ ನೋಟು ಹರಿಯಬಿಟ್ಟಿತು. ಬರ್ಮಾಕ್ಕೆ ರೂಪಾಯಿ, ಮಲಯಾಕ್ಕೆ ಡಾಲರ್, ಫಿಲಿಪ್ಪೀನ್ಸಿಗೆ ಪೆಸೊ, ಡಚ್ಚರ ಇಂಡೀಸಿಗೆ ಗುಲ್ಡೆನ್, ಓಷಿಯಾನಿಯಾ ಎಂಬ ದಕ್ಷಿಣದ ದ್ವೀಪಗಳಿಗೆ ಶಿಲಿಂಗ್ ಮತ್ತು ಪೌಂಡ್. ಬರ್ಮಾ, ಮಲಯಾದ ನೋಟಿನ ಮೇಲೆ ‘ದಿ ಜಪಾನೀಸ್ ಗವರ್ನ್‌ಮೆಂಟ್’ ಎಂದಿರುತ್ತದೆ, ಜಪಾನಿ ಲಿಪಿಯ ಸಣ್ಣ ಕೆಂಪು ಮುದ್ರೆಯೂ ಇರುತ್ತದೆ.

ಕೀಲಿಕೈ ಇರುವುದು ನೋಟಿನ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ. ಮೊದಲ ಅಕ್ಷರ ನಾಡನ್ನು ಹೇಳುತ್ತದೆ: ‘ಬಿ’ ಬರ್ಮಾ, ‘ಎಂ’ ಮಲಯಾ, ‘ಪಿ’ ಫಿಲಿಪ್ಪೀನ್ಸ್, ‘ಎಸ್’ ಡಚ್ ಇಂಡೀಸ್, ‘ಓ’ ಓಷಿಯಾನಿಯಾ. ಮುಂದಿನ ಅಕ್ಷರ ಯಾವ ಕಂತಿನ ಅಚ್ಚು ಎಂಬುದಕ್ಕೆ. ರೂಪಾಯಿ ಎಂದು ಬರೆದಿರುವ ನೋಟಿನ ಮೇಲೆ ‘ಎಂ’ ಕಂಡರೆ ಅದನ್ನು ಅಲ್ಲೇ ಕೆಳಗಿಡಿ.

ಹೆಚ್ಚಿನ ನೋಟುಗಳಿಗೆ ಬಿಡಿ ನಂಬರೇ ಇಲ್ಲ. ‘ನಂಬರಿಲ್ಲದ ಮೇಲೆ ಇದು ಖೋಟಾ’ ಎಂದು ಹೊಸಬರು ಅಸಲಿಯನ್ನೇ ಬಿಟ್ಟು ಬರುವುದನ್ನು ನೋಡಿದ್ದೇನೆ. ನಿಜವಾದ ಅಪಾಯ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ಬಾಳೆಗಿಡದ ಚಿತ್ರವಿರುವ ಮಲಯಾದ ಹತ್ತು ಡಾಲರ್ ನೋಟನ್ನೇ ತೆಗೆದುಕೊಳ್ಳಿ. ಆ ಗಿಡದಿಂದಾಗಿಯೇ ಜಪಾನಿ ದುಡ್ಡಿಗೆಲ್ಲ ಅಲ್ಲಿ ಬಾಳೆಹಣ್ಣಿನ ದುಡ್ಡು ಎಂದು ಹೆಸರು ಬಿದ್ದದ್ದು. ಮೊದಲ ಕಂತಿನ ನೋಟಿಗೆ ನಂಬರಿತ್ತು, ಕಾಗದದಲ್ಲಿ ನೀರುಗುರುತು (ವಾಟರ್‌ಮಾರ್ಕ್) ಇತ್ತು. ಆಮೇಲೆ ನಂಬರು ಹೋಗಿ ಬರೀ ಅಕ್ಷರ ಉಳಿಯಿತು, ಇನ್ನೂ ಆಮೇಲಿನ ಕೆಲವು ಕಂತುಗಳಲ್ಲಿ ನೀರುಗುರುತೂ ಹೋಗಿ ರೇಷ್ಮೆ ಎಳೆ ಸೇರಿಸಿದ ಕಾಗದ ಬಂತು. ನಂಬರಿಲ್ಲದ್ದು ಒಂದು ದೋಸೆ, ಕಾಫಿಯ ದುಡ್ಡಿಗೆ ಸಿಗುವಂಥದ್ದು. ನಂಬರಿರುವುದು ಬಲು ದುಬಾರಿ. ಎರಡರ ನಡುವಿನ ಈ ಅಂತರದಲ್ಲೇ ಖೋಟಾದವನ ಸಂಸಾರ ನಡೆಯುವುದು: ಅಗ್ಗದ ಅಸಲಿ ನೋಟು ಕೊಂಡು ಅದರ ಮೇಲೆ ಆರೇಳು ಅಂಕಿ ಒತ್ತಿದರಾಯಿತು. ನಂಬರಿದ್ದ ಮೇಲೆ ನೀರುಗುರುತೂ ಇರಬೇಕಲ್ಲ? ಬೆಳಕಿಗೆ ಹಿಡಿದು ನೋಡಿ. ನಂಬರಿದೆ, ಕಾಗದದಲ್ಲಿ ರೇಷ್ಮೆ ಎಳೆ ಮಾತ್ರ ಇದೆ ಎಂದಾದರೆ ಅಂಕಿ ಆಮೇಲೆ ಬಂದದ್ದು.

ಬ್ರಿಟಿಷರು 1945ರ ಮೇ ತಿಂಗಳಲ್ಲಿ ರಂಗೂನನ್ನು ಮರಳಿ ಹಿಡಿದಾಗ ಜಪಾನಿ ರೂಪಾಯಿಗೆ ಕಾಸಿನ ಬೆಲೆಯೂ ಉಳಿಯಲಿಲ್ಲ, ಬೀದಿಯಲ್ಲಿ ಚೆಲ್ಲಾಡುತ್ತಿತ್ತು. ಗರಿಗರಿ ನೋಟು ಇಂದಿಗೂ ಅಗ್ಗಕ್ಕೆ ಸಿಗುವುದಕ್ಕೆ ಅದೂ ಒಂದು ಕಾರಣ. ಜಪಾನಿ ನೋಟು ಹೊಸದರ ಹಾಗಿದೆ ಎಂಬ ಒಂದೇ ಕಾರಣಕ್ಕೆ ಅನುಮಾನಪಡಬೇಡಿ.

ಮೂರು: ನಮ್ಮ ನೋಟಿನ ಯುದ್ಧಚರಿತ್ರೆ ಗೊತ್ತಿರಲಿ

ಎರಡು ಮಹಾಯುದ್ಧಗಳಲ್ಲೂ ಭಾರತದಲ್ಲಿ ಒಂದೇ ಕಥೆ ನಡೆಯಿತು. ಬೆಳ್ಳಿಗೆ ಅಭಾವ ಬಂತು, ನಾಣ್ಯದ ಜಾಗಕ್ಕೆ ಕಾಗದ ಬಂತು. ಒಂದು ರೂಪಾಯಿ ನೋಟು ಮೊದಲು ಹೊರಬಂದದ್ದು 1917ರ ನವೆಂಬರ್ 30ಕ್ಕೆ, ಅದರ ಬೆನ್ನಿಗೇ ಎರಡೂವರೆ ರೂಪಾಯಿಯ ನೋಟು. ನೋಟಿನ ಹಿಂಬದಿಯ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. ಈ ಒಂದು ರೂಪಾಯಿ ನೋಟುಗಳನ್ನು ಇಪ್ಪತ್ತೈದರ ಪುಸ್ತಕ ಮಾಡಿ ಕೊಡುತ್ತಿದ್ದರು, ಚೆಕ್ ಪುಸ್ತಕದ ಹಾಗೆ ಹರಿದುಕೊಳ್ಳಬೇಕಿತ್ತು. ಹಾಗಾಗಿ ಎಡ ಅಂಚಿನಲ್ಲಿ ತೂತುಸಾಲಿನ ಹಲ್ಲು ಕಾಣಬೇಕು. ಅಂಚು ಬ್ಲೇಡಿನಲ್ಲಿ ಕೊಯ್ದಂತೆ ನೇರವಾಗಿದ್ದರೆ, ಕೊಳಕೋ ಹರಿದದ್ದೋ ಕಾಣದಿರಲಿ ಎಂದು ಯಾರೋ ಕತ್ತರಿಸಿರಬಹುದು. ಕಾಗದ ಅಸಲಿಯೇ ಇರಲಿ, ಬೆಲೆ ಮಾತ್ರ ಇಳಿಸಿ ಕೇಳಿ.

1940ರ ಆಗಸ್ಟಿನಲ್ಲಿ ಒಂದು ರೂಪಾಯಿ ನೋಟು ಮತ್ತೆ ಬಂತು. 1943ರ ಮಾರ್ಚ್ 3ರಂದು ಎರಡು ರೂಪಾಯಿಯದು. ಇದೇ ಯುದ್ಧದಲ್ಲಿ ಜಪಾನೀಯರು ಗವರ್ನರ್ ಜೆ.ಬಿ. ಟೇಲರ್ ಸಹಿಯಿರುವ ರಿಸರ್ವ್ ಬ್ಯಾಂಕಿನ ಹತ್ತು ರೂಪಾಯಿ ನೋಟನ್ನು ಬಹಳ ಚೆನ್ನಾಗಿ ಖೋಟಾ ಮಾಡಿದ್ದರು. ಅದರಿಂದಾಗಿಯೇ ಪಕ್ಕಕ್ಕೆ ತಿರುಗಿದ್ದ ರಾಜನ ಮುಖ ನೇರಮುಖವಾಯಿತು, ಭಾರತದ ನೋಟಿನೊಳಗೆ ಮೊದಲ ಬಾರಿಗೆ ಭದ್ರತಾ ದಾರ ಸೇರಿತು. ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಪಕ್ಕಮುಖದ ಮೊದಲ ನೋಟಿನಲ್ಲಿ ದಾರ ಹುಡುಕಿ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ. ದಾರ ಬಂದದ್ದೇ ಖೋಟಾ ಬಂದ ಮೇಲೆ.

ನನ್ನ ನೋಟಿನ ಕೆಂಪಕ್ಷರದ ಹಾಗೆ ಅಚ್ಚಾದ ನೋಟಿನ ಮೇಲೆ ಮತ್ತೆ ಒತ್ತಿದ ಅಚ್ಚಿಗೆ ಓವರ್‌ಪ್ರಿಂಟು ಎನ್ನುತ್ತಾರೆ. ಬರ್ಮಾ ಓವರ್‌ಪ್ರಿಂಟಿನಲ್ಲಿ ಮೂರು ಕಾಲಗಳಿವೆ. 1937ರಲ್ಲಿ ಬರ್ಮಾ ಭಾರತದಿಂದ ಬೇರೆಯಾದಾಗ ಐದನೇ ಜಾರ್ಜ್ ನೋಟಿನ ಮೇಲೆ ಹಾಕಿದ್ದು, 1945ರ ಮಿಲಿಟರಿ ಆಡಳಿತದ್ದು, 1947ರ ಬರ್ಮಾ ಕರೆನ್ಸಿ ಬೋರ್ಡಿನದು. ಯಾವ ರಾಜನ ಮುಖದ ಮೇಲೆ ಯಾವ ಮಾತು ಕೂತಿದೆ ಎಂದು ನೋಡಿ. ಮುಖ ಮತ್ತು ಮಾತಿಗೆ ತಾಳ ತಪ್ಪಿದ್ದರೆ ಭೂತಗನ್ನಡಿಯೂ ಬೇಡ.

ಇನ್ನೊಂದು ಮೂಲೆ ನಮ್ಮ ಊರಿನದೇ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಅವರ ಕೈಗೆ ಚಲಾವಣೆಯ ದುಡ್ಡು ಕೊಟ್ಟರೆ ತಪ್ಪಿಸಿಕೊಂಡು ಹೋದಾಗ ರೈಲು ಟಿಕೆಟ್ಟಿಗೆ ಆಗುತ್ತದೆ. ಅದಕ್ಕೆ ಶಿಬಿರದೊಳಗೆ ಮಾತ್ರ ನಡೆಯುವ ಆಣೆ ಲೆಕ್ಕದ ಕೂಪನ್ನು. ಸಾದಾ ಅಚ್ಚಿನ ಸಣ್ಣ ಚೀಟಿ, ಮಡಿಸಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ನನಗೆ ಬಲು ಇಷ್ಟ. ಆದರೆ ಹೊಸಬರು ಮೊದಲ ವರ್ಷ ಇದರ ತಂಟೆಗೆ ಹೋಗದಿರುವುದು ಒಳ್ಳೆಯದು. ಕುಸುರಿಯಿಲ್ಲದ ಅಚ್ಚನ್ನು ಯಾವ ಸಣ್ಣ ಪ್ರೆಸ್ಸಿನಲ್ಲಾದರೂ ಹೊಡೆಯಬಹುದು.

ನಾಲ್ಕು: ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡುವ ಆಭರಣದಂಗಡಿಯವರ ಭೂತಗನ್ನಡಿ, 365 ನ್ಯಾನೋಮೀಟರಿನ ಯುವಿ ಟಾರ್ಚು, ಮಿಲಿಮೀಟರ್ ಪಟ್ಟಿ, ಮೊನೆಯಿಲ್ಲದ ಚಪ್ಪಟೆ ಚಿಮುಟ. ಅದೇ ಜಾತಿಯ, ಅಸಲಿ ಎಂದು ಖಾತ್ರಿಯಿರುವ, ಸುಕ್ಕಾದರೂ ಸರಿ, ಒಂದು ಅಗ್ಗದ ನೋಟೂ ಬೇಕು. ಮಿಕ್ಕಿದ್ದೆಲ್ಲ ಇಲ್ಲದಿದ್ದರೂ ಇದೊಂದು ಇರಲೇಬೇಕು. ಪಕ್ಕದಲ್ಲಿಟ್ಟು ಹೋಲಿಸಿದಾಗ ಕಣ್ಣಿಗೆ ಬೀಳುವುದು ಒಂಟಿ ನೋಟನ್ನು ಗಂಟೆಗಟ್ಟಲೆ ನೋಡಿದರೂ ಬೀಳುವುದಿಲ್ಲ. ಕೈ ತೊಳೆದು ಒರೆಸಿಕೊಳ್ಳಿ, ಮೇಜಿನಿಂದ ಕಾಫಿ ಲೋಟ ತೆಗೆಸಿ.

ಐದು: ಪರೀಕ್ಷೆ, ಇದೇ ಕ್ರಮದಲ್ಲಿ

ಮೊದಲು ಅಳತೆ. ಅಸಲಿ ನೋಟಿನ ಪಕ್ಕ ಇಟ್ಟು ಅಚ್ಚಾದ ಚೌಕಟ್ಟಿನ ಉದ್ದಗಲ ಅಳೆಯಿರಿ. ಕಾಗದದ ಅಂಚನ್ನು ಅಳೆಯಬೇಡಿ, ಕತ್ತರಿಸುವಾಗ ಅದು ಹೆಚ್ಚುಕಮ್ಮಿ ಆಗಿಯೇ ಇರುತ್ತದೆ. ಸ್ಕ್ಯಾನ್ ಮಾಡಿ ಮರು ಅಚ್ಚು ಹಾಕಿದ್ದರ ಚೌಕಟ್ಟು ಒಂದೆರಡು ಮಿಲಿಮೀಟರ್ ಕುಗ್ಗಿರುವುದೋ ಹಿಗ್ಗಿರುವುದೋ ಉಂಟು.

ಆಮೇಲೆ ಕಿಟಕಿ ಬೆಳಕು. ನಿಜವಾದ ನೀರುಗುರುತು ಕಾಗದದ ಮೈಯೊಳಗೆ ತೆಳು, ದಪ್ಪವಾಗಿ ಕಾಣುತ್ತದೆ, ಮೇಜಿನ ಮೇಲಿಟ್ಟಾಗ ಮಾಯವಾಗುತ್ತದೆ. ಬೆಳಕಿಗೆ ಹಿಡಿಯದೆಯೂ ಎಣ್ಣೆ ಕಲೆಯ ಹಾಗೆ ಕಂಡರೆ ಅದು ಮೇಲೆ ಬಳಿದದ್ದು. ರೇಷ್ಮೆ ಎಳೆಯೂ ಹಾಗೆಯೇ: ಅಸಲಿಯಲ್ಲಿ ಎಳೆಯ ಒಂದು ತುದಿ ಮೇಲಿದ್ದರೆ ಇನ್ನೊಂದು ಕಾಗದದೊಳಗೆ ಮುಳುಗಿರುತ್ತದೆ. ಖೋಟಾದಲ್ಲಿ ಎಳೆ ಬರೀ ಗೆರೆ.

ಮೂರನೆಯದು ಯುವಿ ಟಾರ್ಚು, ಕೋಣೆ ಕತ್ತಲು ಮಾಡಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಹಾಗಾಗಿ 1942ರ ಕಾಗದ ಟಾರ್ಚಿನಡಿ ಮಂಕಾಗಿ ಸುಮ್ಮನೆ ಬಿದ್ದಿರಬೇಕು. ಮದುವೆಮನೆಯ ಬಿಳಿ ಪಂಚೆಯ ಹಾಗೆ ನೀಲಿಯಾಗಿ ಹೊಳೆದರೆ ಅನುಮಾನ. ಆದರೆ ಇಲ್ಲೊಂದು ಮೋಸವಿದೆ. ಬಟ್ಟೆ ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇರುತ್ತದೆ. ಯಾರೋ ಕೊಳೆ ತೆಗೆಯಲು ನೋಟನ್ನು ಸೋಪಿನ ನೀರಿನಲ್ಲಿ ಅದ್ದಿದ್ದರೆ ಅಸಲಿಯೂ ಹೊಳೆಯುತ್ತದೆ, ಹೆಚ್ಚಾಗಿ ತೇಪೆ ತೇಪೆಯಾಗಿ. ಹೊಳೆಯದ ಕಾಗದವೂ ಜಾಮೀನಲ್ಲ. ಹಳೇ ಲೆಜರಿನ ಖಾಲಿ ಹಾಳೆ ಹರಿದು ಅಚ್ಚು ಹಾಕಿದರೆ ಅದೂ ಹೊಳೆಯುವುದಿಲ್ಲ. ಹಾಗಾಗಿ ಟಾರ್ಚೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ನಾಲ್ಕನೆಯದು ಭೂತಗನ್ನಡಿ. ಗೆರೆಗಳ ಅಂಚು ನೋಡಿ. ಅಸಲಿಯಲ್ಲಿ ಹಸಿರು ಗೆರೆ ಎಂದರೆ ಹಸಿರು ಶಾಯಿಯದೇ ಗೆರೆ, ಒಡೆಯದೆ ಸಾಗುತ್ತದೆ. ಇಂಕ್‌ಜೆಟ್ಟಿನಲ್ಲಿ ಬಂದ ನಕಲಿನಲ್ಲಿ ಆ ಹಸಿರು ನೀಲಿ, ಹಳದಿ ಚುಕ್ಕಿಗಳ ರಾಗಿಹಿಟ್ಟಾಗಿ ಒಡೆಯುತ್ತದೆ. ಲೇಸರ್ ಪ್ರಿಂಟಿನಲ್ಲಿ ಪುಡಿ ಕಾಗದದ ಮೇಲೆ ಹೊಳಪಾಗಿ ಕೂತಿರುತ್ತದೆ, ಖಾಲಿ ಜಾಗದಲ್ಲೂ ಅಲ್ಲೊಂದು ಇಲ್ಲೊಂದು ಕಣ ಸಿಡಿದಿರುತ್ತದೆ. ಅಚ್ಚಿನ ಮೊಳೆಯಲ್ಲಿ ಒತ್ತಿದ ನಂಬರಾದರೆ ಅಂಕಿಯ ಅಂಚಿನಲ್ಲಿ ಶಾಯಿ ತುಸು ದಟ್ಟವಾಗಿ ಕಟ್ಟಿಕೊಂಡಿರುತ್ತದೆ, ಹಿಂದಿನಿಂದ ಸವರಿದರೆ ಒತ್ತು ಬೆರಳಿಗೆ ತಾಕಬಹುದು.

ಐದನೆಯದು ನನ್ನನ್ನು ಬೀಳಿಸಿದ್ದು: ಓವರ್‌ಪ್ರಿಂಟು ಮಡಿಕೆಯನ್ನು ದಾಟುವ ಜಾಗ. ಇಲ್ಲಿ ಅವಸರ ಮಾಡಬೇಡಿ.

ನೋಟಿನ ಮೇಲೆ ಓವರ್‌ಪ್ರಿಂಟು ಹಾಕುವುದು ಅದು ಜನರ ಕೈಗೆ ಹೋಗುವ ಮೊದಲು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕುತ್ತಾರೆ. ಮಡಿಸಿದ ಜಾಗದಲ್ಲಿ ಕಾಗದದ ನಾರು ಮುರಿಯುತ್ತದೆ, ಅದರ ಜೊತೆ ಶಾಯಿಯೂ ಉದುರುತ್ತದೆ. ಹಾಗಾಗಿ ಅಸಲಿ ಓವರ್‌ಪ್ರಿಂಟಿನ ಅಕ್ಷರ ಮಡಿಕೆಯ ಮೇಲೆ ಹಾದುಹೋಗುವಲ್ಲಿ ಕೂದಲೆಳೆಯ ಬಿಳಿ ಬಿರುಕು ಇರುತ್ತದೆ. ಖೋಟಾದಲ್ಲಿ ಮಡಿಕೆ ಮೊದಲೇ ಆಗಿದೆ, ಶಾಯಿ ಆಮೇಲೆ ಬಿದ್ದಿದೆ. ಮುರಿದ ನಾರು ಅದನ್ನು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ನನ್ನ ನೋಟಿನಲ್ಲಿ ‘ಬರ್ಮಾ’ ಎಂಬುದರ ‘ಆರ್’ ಅಕ್ಷರ ನಡುಮಡಿಕೆಯ ಮೇಲೆ ಬರುತ್ತದೆ. ಅಲ್ಲಿ ಬಿರುಕಿಲ್ಲ, ಬದಲಿಗೆ ಕೆಂಪು ಮಡಿಕೆಯುದ್ದಕ್ಕೂ ಮೇಲಕ್ಕೂ ಕೆಳಕ್ಕೂ ಇರುವೆ ಕಾಲಿನಷ್ಟು ಹರಿದಿದೆ. ಹಿಂದೆ ತಿರುಗಿಸಿದರೆ ಆ ಒಂದು ಜಾಗದಲ್ಲಿ ಮಾತ್ರ ನಸುಗೆಂಪು ಒಸರಿದೆ. ಇನ್ನೊಂದು ಗುರುತು, ಕೊಳೆ. ಎಂಬತ್ತು ವರ್ಷದ ಕೈಕೊಳೆ ಅಕ್ಷರದ ಮೇಲೂ ಕೂರಬೇಕು. ನನ್ನದರಲ್ಲಿ ಕೊಳೆ ಕೆಳಗೆ, ಮೇಲೆ ಕೆಂಪು ಥಳಥಳ.

ಮಡಿಕೆಯೇ ಇಲ್ಲದ ಗರಿಗರಿ ನೋಟಾದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಅಕ್ಷರದ ಆಕಾರ, ಸಾಲುಗಳ ನಡುವಿನ ಅಂತರವನ್ನು ಖಾತ್ರಿ ನೋಟಿನ ದೊಡ್ಡ ಫೋಟೋ ಜೊತೆ ಹೋಲಿಸಬೇಕು, ನಂಬರಿನ ಮುಂದಿರುವ ಅಕ್ಷರವನ್ನು ಕ್ಯಾಟಲಾಗಿನೊಂದಿಗೆ ತಾಳೆ ನೋಡಬೇಕು. ಅನುಮಾನ ಉಳಿದರೆ ಬಿಟ್ಟುಬಿಡಿ.

ಫಿಲಿಪ್ಪೀನ್ಸಿನ ನೋಟುಗಳ ಮೇಲೆ ‘ಜಪ್‌ವಾನ್‌ಕ್ಯಾಪ್’ ಎಂಬ ರಬ್ಬರ್ ಮುದ್ರೆ ಕಾಣಬಹುದು. ಯುದ್ಧದ ನಂತರ ಈ ನೋಟಿಗೆ ಪರಿಹಾರ ಕೇಳಲು ಅಲ್ಲಿ ಹುಟ್ಟಿದ ಸಂಘದ ಮುದ್ರೆ ಅದು. ರಬ್ಬರ್ ಮುದ್ರೆ ಮಾಡಿಸುವುದು ಎಷ್ಟು ಹೊತ್ತಿನ ಕೆಲಸ? ಅದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಡಿ.

ಆರು: ಕಥೆಯನ್ನೂ ಪರೀಕ್ಷಿಸಿ

‘ಇದು ನೇತಾಜಿಯವರ ಬ್ಯಾಂಕಿನ ನೋಟು ಸಾರ್’ ಎಂದು ತಂದು ತೋರಿಸುತ್ತಾರೆ. ಆಜಾದ್ ಹಿಂದ್ ಬ್ಯಾಂಕು 1944ರ ಏಪ್ರಿಲಿನಲ್ಲಿ ರಂಗೂನಿನಲ್ಲಿ ತೆರೆದದ್ದು ನಿಜ. ಆ ನಿಜದ ಬೆನ್ನೇರಿ ಬರುವ ಬಣ್ಣಬಣ್ಣದ ನೋಟುಗಳಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದವೆಲ್ಲ ಇತ್ತೀಚಿನ ಕಾಗದದವು, ಟಾರ್ಚಿನಡಿ ಬೆಳ್ದಿಂಗಳು. ಭಾವನೆ ಉಕ್ಕಿಸುವ ಹೆಸರು ಎಷ್ಟು ದೊಡ್ಡದೋ ಪರೀಕ್ಷೆಯೂ ಅಷ್ಟೇ ಕಟುವಾಗಿರಲಿ. ‘ನಮ್ಮ ತಾತ ತಂದದ್ದು’ ಎಂದರೆ ತಾತ ಯಾವ ಪಡೆ, ಯಾವ ವರ್ಷ, ಯಾವ ಊರು ಎಂದು ಗೌರವದಿಂದಲೇ ಕೇಳಿ. ನಿಜವಾದ ಮೊಮ್ಮಗ ಅರ್ಧ ಗಂಟೆ ಮಾತಾಡುತ್ತಾನೆ, ಪೇಬುಕ್ಕನ್ನೂ ತಂದು ತೋರಿಸುತ್ತಾನೆ. ವ್ಯಾಪಾರಿ ಬೆಲೆಗೆ ಬರುತ್ತಾನೆ.

ಏಳು: ಖೋಟಾವೇ ಸಂಗ್ರಹಯೋಗ್ಯವಾದಾಗ

ಯುದ್ಧಕಾಲದಲ್ಲೇ ಶತ್ರುವಿನ ನೋಟನ್ನು ಸರ್ಕಾರಗಳೇ ಖೋಟಾ ಮಾಡಿದವು. ನಾಜಿಗಳು ಸಾಕ್ಸೆನ್‌ಹೌಸೆನ್ ಶಿಬಿರದ ಕೈದಿಗಳಿಂದ ಬ್ರಿಟನ್ನಿನ 5, 10, 20, 50 ಪೌಂಡಿನ ನೋಟು ಮಾಡಿಸಿದ ‘ಆಪರೇಷನ್ ಬರ್ನ್‌ಹಾರ್ಡ್’ ಇದರಲ್ಲಿ ಹೆಸರಾದದ್ದು. ಬ್ಯಾಂಕ್ ಆಫ್ ಇಂಗ್ಲೆಂಡ್ 1943ರಲ್ಲಿ ಐದು ಪೌಂಡಿಗಿಂತ ದೊಡ್ಡ ನೋಟು ಕೊಡುವುದನ್ನೇ ನಿಲ್ಲಿಸಿತು. ಆಸ್ಟ್ರಿಯಾದ ಟೋಪ್ಲಿಟ್ಸ್ ಸರೋವರದಲ್ಲಿ ಮುಳುಗಿಸಿದ್ದ ಪೆಟ್ಟಿಗೆಗಳು 1959ರಲ್ಲಿ ಮೇಲೆ ಬಂದವು. ಇಂದು ಆ ಖೋಟಾಗಳಿಗೆ ಒಳ್ಳೆಯ ಬೇಡಿಕೆಯಿದೆ, ಬೇಡಿಕೆ ಬಂದ ಮೇಲೆ ಖೋಟಾದ ಖೋಟಾ ಬರದಿರುತ್ತದೆಯೇ? ಅಮೆರಿಕನ್ನರೂ ಫಿಲಿಪ್ಪೀನ್ಸಿನ ಜಪಾನಿ ಪೆಸೊವನ್ನು ಇದೇ ರೀತಿ ಅಚ್ಚು ಹಾಕಿದ್ದರು. ಕೊಳ್ಳುವಾಗ ರಸೀತಿಯಲ್ಲಿ ‘ಯುದ್ಧಕಾಲದ ಖೋಟಾ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.

ಜರ್ಮನಿಯ 1944ರ ಮಿತ್ರರಾಷ್ಟ್ರ ಮಾರ್ಕು ಸಿಕ್ಕರೆ ಒಂದು ಸಣ್ಣ ಮೋಜಿದೆ. ಅಮೆರಿಕದಲ್ಲಿ ಫೋರ್ಬ್ಸ್ ಪ್ರೆಸ್ಸು ಅಚ್ಚು ಹಾಕಿದ್ದರಲ್ಲಿ ಬಳ್ಳಿಚಿತ್ತಾರದ ನಡುವೆ ಚಿಕ್ಕ ‘ಎಫ್’ ಅಕ್ಷರ ಅಡಗಿರುತ್ತದೆ. ಸೋವಿಯತ್ ಅಚ್ಚಿನದರಲ್ಲಿ ನಂಬರಿನ ಮೊದಲ ಅಂಕಿಗೂ ಮುಂಚೆ ಒಂದು ಅಡ್ಡಗೆರೆ ಇರುತ್ತದೆ. ಎರಡೂ ಅಸಲಿಯೇ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ‘ಎಫ್’ ಹುಡುಕಿಸಿ, ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಎಂಟು: ಕೊಳ್ಳುವುದು, ಕಾನೂನು, ಕಾಪಾಡುವುದು

ನೋಟನ್ನು ಗುರುತಿಸಲು ‘ಪಿಕ್ ನಂಬರ್’ ಎಂಬ ಜಾಗತಿಕ ಕ್ರಮಸಂಖ್ಯೆ ಇದೆ. ಮಾರುವವರು ಅದನ್ನು ಹೇಳಿದರೆ ಕೊನೆಯ ಸಣ್ಣ ಅಕ್ಷರವನ್ನೂ ಕೇಳಿ. ನಂಬರಿರುವ, ನಂಬರಿಲ್ಲದ ತಳಿಗಳನ್ನು ಬೇರ್ಪಡಿಸುವುದು ಆ ಅಕ್ಷರವೇ. ಪಿಎಂಜಿಯಂಥ ಸಂಸ್ಥೆಗಳು ಪರೀಕ್ಷಿಸಿ ಮೊಹರಾದ ಪ್ಲಾಸ್ಟಿಕ್ಕಿನಲ್ಲಿ ಕೊಡುತ್ತವೆ. ದುಬಾರಿ ನೋಟಿಗೆ ಅದು ಸರಿ. ಆದರೆ ಆ ಪ್ಲಾಸ್ಟಿಕ್ಕೂ ನಕಲಾಗುತ್ತದೆ, ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ, ಅಲ್ಲಿನ ಮಾಹಿತಿ ಕೈಯಲ್ಲಿರುವ ನೋಟಿಗೆ ಹೊಂದುತ್ತದೆಯೇ ನೋಡಿ. ಹಿಂತಿರುಗಿಸುವ ಮಾತು ರಸೀತಿಯಲ್ಲಿ ಇರಲಿ. ನನ್ನ ಹತ್ತಿರ ರಸೀತಿಯೇ ಇರಲಿಲ್ಲ.

ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರಬಹುದು. 1917ರ ನೋಟನ್ನು ಹೊರದೇಶದ ಗೆಳೆಯರಿಗೆ ಅಂಚೆಯಲ್ಲಿ ಕಳಿಸುವ ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.

ನೋಟನ್ನು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಸೆಲ್ಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮೆತ್ತನೆಯ ಪಿವಿಸಿ ಹಾಳೆ ಕಾಲಕ್ರಮೇಣ ಜಿಗುಟಾಗಿ ಶಾಯಿಯನ್ನೇ ಎತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರು ತುಸು ದುಬಾರಿಯಾದರೂ ಅದೇ ಸರಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಿಸಿ. ಬೀರುವಿನ ತಳದಲ್ಲಿ ಬೆಳ್ಳಿಹುಳು ಕಂಡರೆ ಆಲ್ಬಮ್ಮಿನ ಜಾಗ ಬದಲಾಯಿಸಿ, ಒಳಗೆ ನುಸಿಗುಳಿಗೆ ಇಡಬೇಡಿ.

ಪ್ರತಿ ನೋಟಿಗೂ ಒಂದು ಚೀಟಿ ಬರೆಯಿರಿ: ಕೊಂಡ ದಿನ, ಕೊಟ್ಟ ಬೆಲೆ, ಯಾವ ಪರೀಕ್ಷೆಯಲ್ಲಿ ಏನು ಕಂಡಿತು. ಪೆನ್ಸಿಲಿನಲ್ಲಿ ಬರೆದು ಕವರಿನ ಹಿಂದಿಡಿ, ನೋಟಿನ ಮೇಲೆ ಒಂದು ಚುಕ್ಕಿಯೂ ಬೇಡ. ಖೋಟಾ ಎಂದು ಗೊತ್ತಾದದ್ದನ್ನು ಇನ್ನೊಬ್ಬರಿಗೆ ದಾಟಿಸಿದರೆ ಅದು ವಂಚನೆ, ಹರಿದು ಬಿಸಾಡಿದರೆ ಪಾಠ ಹೋಯಿತು. ನನ್ನ ಒಂದು ರೂಪಾಯಿಯ ಹಿಂದಿನ ಚೀಟಿಯಲ್ಲಿ ಹೀಗಿದೆ: ‘ನೋಟು ಅಸಲಿ. ಓವರ್‌ಪ್ರಿಂಟ್ ಖೋಟಾ. ಆರ್ ಅಕ್ಷರದ ಮಡಿಕೆ ನೋಡಿ. ಮಾರಾಟಕ್ಕಿಲ್ಲ.’